ನಿಮಗಿದು ಗೊತ್ತೇ? ವೈದ್ಯಕೀಯ ಯಂತ್ರಗಳ ಕಂಪನಿ ನಡೆಸಿದವರ ಮೂಲ ಕಸುಬು

ಕೈಯೋ ಕಾಲೋ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರಿಗೆಲ್ಲ ಅದನ್ನು ತೆಗೆಯುವ ದಿನದ ಗರಗಸ ನೆನಪಿರುತ್ತದೆ. ಸದ್ದು ಜೋರು, ಚರ್ಮಕ್ಕೆ ಮಾತ್ರ ಸಾಮಾನ್ಯವಾಗಿ ಗಾಯವಾಗುವುದಿಲ್ಲ. ಅದರ ಬ್ಲೇಡ್ ಗರಗರ ಸುತ್ತುವುದಿಲ್ಲ, ಇದ್ದಲ್ಲೇ ಅತ್ತಿತ್ತ ಸಣ್ಣಗೆ ಅದುರುತ್ತದೆ. ಗಟ್ಟಿ ಪ್ಲಾಸ್ಟರ್ ಸೀಳುತ್ತದೆ, ಮೆತ್ತನೆಯ ಚರ್ಮ ಬ್ಲೇಡಿನ ಜೊತೆಗೇ ಅಲುಗಿ ಬಚಾವಾಗುತ್ತದೆ. 1940ರ ದಶಕದಲ್ಲಿ ಇದನ್ನು ರೂಪಿಸಿದವರು ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಊರಿನ ಮೂಳೆ ವೈದ್ಯ ಹೋಮರ್ ಸ್ಟ್ರೈಕರ್. ಇಂದು ಜಗತ್ತಿನ ದೊಡ್ಡ ವೈದ್ಯಕೀಯ ತಂತ್ರಜ್ಞಾನ ಕಂಪನಿಗಳಲ್ಲಿ ಒಂದಾದ ಸ್ಟ್ರೈಕರ್ ಅವರ ಹೆಸರಿನದೇ.

ವೈದ್ಯರ ಕಂಪನಿಯನ್ನು ಮುಂದೆ ನಡೆಸಿದ್ದು ಯಾರು ಗೊತ್ತೇ? 1976ರಲ್ಲಿ ಹೋಮರ್ ಅವರ ಮಗ ವಿಮಾನ ಅಪಘಾತದಲ್ಲಿ ತೀರಿಕೊಂಡ ಮೇಲೆ ಚುಕ್ಕಾಣಿ ಹಿಡಿದವರು ಜಾನ್ ಬ್ರೌನ್, ಕೆಮಿಕಲ್ ಎಂಜಿನಿಯರ್. 1977ರಿಂದ 2004ರವರೆಗೆ ಅವರೇ ಮುಖ್ಯಸ್ಥರು. ಪ್ರತಿ ವರ್ಷ ಲಾಭ ಶೇ. 20 ಬೆಳೆಯಲೇಬೇಕು ಎಂಬುದು ಅವರ ಹಟ. 2012ರಿಂದ ಮುಖ್ಯಸ್ಥರಾಗಿರುವ ಕೆವಿನ್ ಲೋಬೊ ಲೆಕ್ಕಪತ್ರದ ಹಿನ್ನೆಲೆಯವರು. ಸೋಪು, ಚೀಸ್ ಮಾರುವ ಕಂಪನಿಗಳಲ್ಲೂ ಕೆಲಸ ಮಾಡಿ ಬಂದವರು. ವೈದ್ಯ, ಎಂಜಿನಿಯರ್, ಲೆಕ್ಕಿಗ: ಒಂದೇ ಕುರ್ಚಿಯಲ್ಲಿ ಮೂರು ಕಸುಬು.

ಇನ್ನು ಮೆಡ್‌ಟ್ರಾನಿಕ್ ವಿಷಯ. ಪೇಸ್‌ಮೇಕರ್ ಎಂದೊಡನೆ ನೆನಪಾಗುವ ಈ ಕಂಪನಿ 1949ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನ ಗ್ಯಾರೇಜೊಂದರಲ್ಲಿ ಹುಟ್ಟಿತು. ಇಬ್ಬರು ಪಾಲುದಾರರಲ್ಲಿ ಅರ್ಲ್ ಬಾಕನ್ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿ, ಎರಡನೇ ಮಹಾಯುದ್ಧದಲ್ಲಿ ರೇಡಾರ್ ದುರಸ್ತಿ ಕಲಿಸಿದವರು. ಅವರ ನೆಂಟ ಪಾಮರ್ ಹರ್ಮಂಡ್ಸ್‌ಲಿ ಮರದ ಡಿಪೋದಲ್ಲಿ ಕೆಲಸಕ್ಕಿದ್ದವರು. ಬಾಕನ್ ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ತಂತ್ರಜ್ಞೆ. ಅವರನ್ನು ಮನೆಗೆ ಕರೆದೊಯ್ಯಲು ಹೋದಾಗಲೆಲ್ಲ ಅಲ್ಲಿನವರು ಕೆಟ್ಟುಹೋದ ಉಪಕರಣಗಳನ್ನು ತಂದು ಬಾಕನ್ ಮುಂದಿಡುತ್ತಿದ್ದರು. ಇದನ್ನೇ ಕಸುಬು ಮಾಡಿಕೊಂಡರೆ ಹೇಗೆ ಎಂದು ಶುರುವಾದ ವ್ಯವಹಾರ. ಮೊದಲ ತಿಂಗಳ ಸಂಪಾದನೆ 8 ಡಾಲರ್.

ಆ ಗ್ಯಾರೇಜನ್ನು ಇತಿಹಾಸಕ್ಕೆ ಸೇರಿಸಿದ್ದು ಒಂದು ಕರೆಂಟು ಕಡಿತ. 1957ರ ಅಕ್ಟೋಬರ್ 31ರಂದು ಊರಿಗೆ ಊರೇ ಕತ್ತಲಾಯಿತು. ಆಗಿನ ಪೇಸ್‌ಮೇಕರ್‌ಗಳು ರೇಡಿಯೊ ಪೆಟ್ಟಿಗೆಯಷ್ಟು ದೊಡ್ಡವು, ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದಂಥವು. ಹೃದಯದ ಶಸ್ತ್ರಚಿಕಿತ್ಸೆಯಾಗಿದ್ದ ಪುಟ್ಟ ಮಕ್ಕಳ ಎದೆಬಡಿತ ಅವುಗಳ ತಂತಿಗೆ ಜೋತುಬಿದ್ದಿತ್ತು. ಮಿನೆಸೋಟ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ವಾಲ್ಟನ್ ಲಿಲಹೈ ಮರುದಿನವೇ ಬಾಕನ್ ಅವರನ್ನು ಕರೆಸಿ, ಬ್ಯಾಟರಿಯಲ್ಲಿ ನಡೆಯುವಂಥದ್ದು ಏನಾದರೂ ಆದೀತೇ ಎಂದು ಕೇಳಿದರು. ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳ ಮಾಸಪತ್ರಿಕೆಯೊಂದರಲ್ಲಿ ಸಂಗೀತಗಾರರ ತಾಳಯಂತ್ರದ ಸರ್ಕ್ಯೂಟ್ ಚಿತ್ರ ಪ್ರಕಟವಾಗಿದ್ದುದು ಬಾಕನ್‌ಗೆ ನೆನಪಾಯಿತು. ಎರಡು ಟ್ರಾನ್ಸಿಸ್ಟರ್, ನಿಗದಿತ ಅಂತರದಲ್ಲಿ ಟಿಕ್ ಟಿಕ್. ಹೃದಯಕ್ಕೆ ಬೇಕಾದದ್ದೂ ಅಷ್ಟೇ. ನಾಲ್ಕು ವಾರದಲ್ಲಿ ಅಂಗೈಯಗಲದ ಅಲ್ಯೂಮಿನಿಯಂ ಡಬ್ಬಿಯೊಂದು ತಯಾರಾಯಿತು. ವೇಗ ಹೊಂದಿಸಲು ಒಂದು ತಿರುಗಣೆ, ವಿದ್ಯುತ್ತಿನ ಬಲ ಹೊಂದಿಸಲು ಇನ್ನೊಂದು.

ಅದನ್ನು ಮೊದಲು ನಾಯಿಯ ಮೇಲೆ ಪರೀಕ್ಷಿಸಿದರು. ಇನ್ನೂ ಸುಧಾರಿಸಬೇಕು ಎಂದುಕೊಂಡು ಬಾಕನ್ ಮನೆಗೆ ಹೋದರು. ಮರುದಿನ ಆಸ್ಪತ್ರೆಗೆ ಬಂದು ನೋಡಿದರೆ ಡಬ್ಬಿ ಆಗಲೇ ಮಗುವೊಂದರ ಎದೆಬಡಿತ ನಡೆಸುತ್ತಿತ್ತು! ಕೈಗೆಟುಕಿದ ಒಳ್ಳೆಯ ಸಾಧನವನ್ನು ಬಳಸದೆ ಮಗುವನ್ನು ಕಳೆದುಕೊಳ್ಳಲು ಲಿಲಹೈ ಸಿದ್ಧರಿರಲಿಲ್ಲ. ಮಕ್ಕಳು ಆಟಕ್ಕೆ ತಿರುಗಿಸಿಬಿಟ್ಟಾರು ಎಂದು ಮುಂದಿನ ಡಬ್ಬಿಗಳಲ್ಲಿ ತಿರುಗಣೆಗಳನ್ನು ಒಳಕ್ಕೆ ಹುದುಗಿಸಿದರು. ಹಾಸಿಗೆಯ ಪಕ್ಕ ನಿಂತು ನೋಡಿದವರಿಗೆ ಮಾತ್ರ ಹೊಳೆಯುವ ತಿದ್ದುಪಡಿ ಇದು. ಬಾಕನ್ ಕಡೆಯವರೆಗೂ ಹೀಗೆ ರೋಗಿಯ ಪಕ್ಕ ನಿಂತು ನೋಡುವುದನ್ನು ಬಿಡಲಿಲ್ಲ ಎಂಬುದೇ ನನಗೆ ಅವರಲ್ಲಿ ದೊಡ್ಡದಾಗಿ ಕಾಣುವ ಗುಣ.

ಮೈಯೊಳಗೆ ಹುದುಗಿಸುವ ಪೇಸ್‌ಮೇಕರ್‌ನ ಕಥೆಯಲ್ಲಿ ಬರುವ ವಿಲ್ಸನ್ ಗ್ರೇಟ್‌ಬ್ಯಾಚ್ ನೌಕಾಪಡೆಯ ರೇಡಿಯೊ ಆಪರೇಟರ್ ಆಗಿದ್ದವರು. ಎದೆಬಡಿತದ ಸದ್ದು ದಾಖಲಿಸುವ ಉಪಕರಣ ಜೋಡಿಸುವಾಗ ಅವರ ಕೈಗೆ ತಪ್ಪು ರೆಸಿಸ್ಟರ್ ಬಂತು. ಸರ್ಕ್ಯೂಟ್ ಮಿಡಿಯತೊಡಗಿತು, ನಿಂತಿತು, ಮತ್ತೆ ಮಿಡಿಯಿತು. ಅದು ಹೃದಯದ ಲಯ ಎಂದು ಅವರು ಕೂಡಲೇ ಗುರುತಿಸಿದರು. ಈ ವಿನ್ಯಾಸವನ್ನು 1960ರಲ್ಲಿ ಮೆಡ್‌ಟ್ರಾನಿಕ್ ಪರವಾನಗಿ ಪಡೆದು ತಯಾರಿಸಿತು. ಗ್ರೇಟ್‌ಬ್ಯಾಚ್ ಮುಂದೆ ಪೇಸ್‌ಮೇಕರ್‌ಗೆ ದೀರ್ಘ ಬಾಳಿಕೆಯ ಲಿಥಿಯಂ ಬ್ಯಾಟರಿ ಮಾಡುವ ತಮ್ಮದೇ ಕಂಪನಿ ಕಟ್ಟಿದರು.

ಬಾಕನ್ ನಂತರದವರು? 1991ರಿಂದ ಹತ್ತು ವರ್ಷ ಮುಖ್ಯಸ್ಥರಾಗಿದ್ದ ಬಿಲ್ ಜಾರ್ಜ್ ಅದಕ್ಕೂ ಮೊದಲು ಮೈಕ್ರೋವೇವ್ ಒಲೆ ಮಾಡುವ ಕಂಪನಿಯೊಂದನ್ನು ನಡೆಸಿದ್ದರು. 2011ರಲ್ಲಿ ಬಂದ ಒಮರ್ ಇಶ್ರಾಕ್ ಬಾಂಗ್ಲಾದೇಶ ಮೂಲದವರು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನಲ್ಲಿ ಡಾಕ್ಟರೇಟ್ ಪಡೆದು, ಅಲ್ಟ್ರಾಸೌಂಡ್ ಯಂತ್ರಗಳಲ್ಲೇ ವೃತ್ತಿ ಸವೆಸಿದವರು. 2020ರಲ್ಲಿ ಅವರು ಚಿಪ್ ತಯಾರಿಸುವ ಇಂಟೆಲ್‌ನ ಅಧ್ಯಕ್ಷರಾದರು. ಅದೇ ವರ್ಷ ಕೋವಿಡ್ ಕಾಲದಲ್ಲಿ ಮೆಡ್‌ಟ್ರಾನಿಕ್ ತನ್ನ ಒಂದು ವೆಂಟಿಲೇಟರ್ ಮಾದರಿಯ ವಿನ್ಯಾಸವನ್ನು ಯಾರು ಬೇಕಾದರೂ ಬಳಸಲಿ ಎಂದು ಬಹಿರಂಗಪಡಿಸಿತು.

ಬಿಯರ್ ಪೀಪಾಯಿಗೂ ಅರಿವಳಿಕೆಗೂ ಏನು ಸಂಬಂಧ? ಜರ್ಮನಿಯ ಲ್ಯೂಬೆಕ್‌ನ ಯೋಹಾನ್ ಹೈನ್ರಿಕ್ ಡ್ರೇಗರ್ ಗಡಿಯಾರ ಕಟ್ಟುವ ಕಸುಬಿನವರು. 1889ರಲ್ಲಿ ಅವರು ಶುರುಮಾಡಿದ ಕಂಪನಿಯ ಮೊದಲ ಹೆಸರುವಾಸಿ ಸರಕು, ಬಿಯರ್ ಹೊರತೆಗೆಯಲು ಬಳಸುವ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಸಿಲಿಂಡರಿನಿಂದ ಒಂದೇ ಒತ್ತಡದಲ್ಲಿ ಬಿಡುವ ವಾಲ್ವ್. ಅನಿಲವನ್ನು ಹದವಾಗಿ ಬಿಡಲು ಗೊತ್ತಾದವನಿಗೆ ಆಮ್ಲಜನಕವೂ ಅಷ್ಟೇ, ಕ್ಲೋರೋಫಾರ್ಮೂ ಅಷ್ಟೇ. 1902ರ ಹೊತ್ತಿಗೆ ಡ್ರೇಗರ್ ಅರಿವಳಿಕೆ ಯಂತ್ರ ಆಪರೇಷನ್ ಕೋಣೆ ಸೇರಿತ್ತು. ಇವತ್ತಿಗೂ ಮುಖ್ಯಸ್ಥರು ಅದೇ ಮನೆತನದ ಐದನೇ ತಲೆಮಾರಿನವರು.

ಆಟಿಕೆ ಮಾಡುತ್ತಿದ್ದವರೊಬ್ಬರು ಲಕ್ಷಾಂತರ ಜನಕ್ಕೆ ಜೀವ ಉಳಿಸುವುದನ್ನು ಕಲಿಸಿದರು. ನಾರ್ವೆಯ ಸ್ಟಾವೆಂಗರ್‌ನ ಆಸ್ಮುಂಡ್ ಲೇರ್ಡಾಲ್ 1940ರಲ್ಲಿ ಮಕ್ಕಳ ಪುಸ್ತಕ, ಶುಭಾಶಯ ಪತ್ರಗಳಿಂದ ಶುರುಮಾಡಿ ಗೊಂಬೆ, ಕಾರುಗಳಿಗೆ ಬಂದವರು. ಮೆತ್ತನೆಯ ಪ್ಲಾಸ್ಟಿಕ್ಕಿನ ಕಸುಬು ಅವರಿಗೆ ಕರಗತವಾಗಿತ್ತು. ಬಾಯಿಗೆ ಬಾಯಿಟ್ಟು ಉಸಿರು ಕೊಡುವ ವಿಧಾನ ಕಲಿಸಲು ಒಂದು ಗೊಂಬೆ ಬೇಕೆಂದು ಅರಿವಳಿಕೆ ತಜ್ಞರು ಕೇಳಿದಾಗ ಅವರು ಹಿಂದೆಮುಂದೆ ನೋಡಲಿಲ್ಲ. ಮುಳುಗುತ್ತಿದ್ದ ತಮ್ಮ ಪುಟ್ಟ ಮಗನನ್ನು ನೀರಿನಿಂದೆತ್ತಿ ಬದುಕಿಸಿಕೊಂಡ ಅನುಭವ ಬೆನ್ನಿಗಿತ್ತು. 1960ರಲ್ಲಿ ಬಂದ ಆ ಗೊಂಬೆಯ ಹೆಸರು ಆ್ಯನಿ. ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ ನೆಲದ ಮೇಲೆ ಮಲಗಿರುವ ಆ ಮುಖವನ್ನು ನೀವೂ ನೋಡಿರಬಹುದು. ನೀರಿನಿಂದ ಬದುಕಿ ಬಂದ ಮಗ ತೂರೆ ಮುಂದೆ ಕಂಪನಿಯ ನಾಯಕರಾದರು.

ಕೃತಕ ಹೃದಯ ಕವಾಟ ಮಾಡಿದ ಲೋವೆಲ್ ಎಡ್ವರ್ಡ್ಸ್ ಯುದ್ಧವಿಮಾನದ ಇಂಧನ ಪಂಪಿನ ಎಂಜಿನಿಯರ್. ಎತ್ತರಕ್ಕೆ ಏರಿದ ವಿಮಾನಕ್ಕೆ ಇಂಧನ ಕಟ್ಟಿಕೊಳ್ಳದಂತೆ ಮಾಡಿದ್ದು ಅವರ ಸಾಧನೆ. ನಿವೃತ್ತಿಯ ವಯಸ್ಸಿನಲ್ಲಿ, 1958ರಲ್ಲಿ, ಅಮೆರಿಕದ ಪೋರ್ಟ್‌ಲೆಂಡ್‌ನ ತರುಣ ಶಸ್ತ್ರವೈದ್ಯ ಆಲ್ಬರ್ಟ್ ಸ್ಟಾರ್ ಬಳಿಗೆ ಹೋಗಿ ಇಡೀ ಕೃತಕ ಹೃದಯ ಕಟ್ಟೋಣ ಎಂದರು. ಸ್ಟಾರ್ ಒಪ್ಪಲಿಲ್ಲ. ಹೃದಯ ಆಮೇಲೆ, ಮೊದಲು ಒಂದು ಕವಾಟ ಮಾಡೋಣ ಎಂದರು. 1960ರಲ್ಲಿ ಪಂಜರದೊಳಗೆ ಚೆಂಡು ಕುಣಿಯುವ ಅವರ ಕವಾಟ ಮನುಷ್ಯನೊಳಗೆ ಕೆಲಸ ಮಾಡಿತು. ಅರ್ಧ ವಯಸ್ಸಿನ ವೈದ್ಯನ ಮಾತಿಗೆ ತಲೆಬಾಗಿದ ಆ ಹಿರಿಯನ ಹೆಸರಿನಲ್ಲಿ ಇಂದಿನ ಎಡ್ವರ್ಡ್ಸ್ ಲೈಫ್‌ಸೈನ್ಸಸ್ ನಡೆಯುತ್ತಿದೆ.

ಇನ್ನಷ್ಟು, ಬೇಗಬೇಗ:

ಸಿರಿಂಜ್‌ಗೆ ಹೆಸರಾದ ಬೆಕ್ಟನ್ ಡಿಕಿನ್ಸನ್ ಕಂಪನಿಯನ್ನು 1897ರಲ್ಲಿ ಕಟ್ಟಿದ ಇಬ್ಬರೂ ಊರೂರು ಸುತ್ತುವ ಸೇಲ್ಸ್‌ಮನ್‌ಗಳು.

ಇನ್ಸುಲಿನ್ ಪಂಪಿನ ಮಿನಿಮೆಡ್ ಕಟ್ಟಿದ ಆಲ್ಫ್ರೆಡ್ ಮನ್ ಭೌತಶಾಸ್ತ್ರಜ್ಞರು. ಅದಕ್ಕೆ ಮುಂಚೆ ಉಪಗ್ರಹಗಳಿಗೆ ಸೌರಕೋಶ ಮಾಡಿಕೊಡುತ್ತಿದ್ದರು.

ಹೂಲಿಯೊ ಪಾಲ್ಮಾಝ್ ಎಂಬ ವೈದ್ಯ ರೂಪಿಸಿದ, ರಕ್ತನಾಳವನ್ನು ತೆರೆದಿಡುವ ಸ್ಟೆಂಟ್‌ಗೆ ಮೊದಲು ಹಣ ಹಾಕಿದವರು ಬರ್ಗರ್ ಹೋಟೆಲುಗಳ ಮಾಲೀಕ ಫಿಲ್ ರೊಮಾನೊ. ಎರಡೂವರೆ ಲಕ್ಷ ಡಾಲರ್.

ಜಪಾನಿನ ಟೆರುಮೊ 1921ರಲ್ಲಿ ಜ್ವರಮಾಪಕ ತಯಾರಿಸಲು ಹುಟ್ಟಿದ್ದು. ಮೊದಲ ಮಹಾಯುದ್ಧದಿಂದಾಗಿ ಜರ್ಮನಿಯ ಥರ್ಮಾಮೀಟರ್ ಬರುವುದು ನಿಂತಿತ್ತು. ಮುಂದೆ ನಿಂತು ಕಟ್ಟಿದವರಲ್ಲಿ ಒಬ್ಬರು ಪ್ಲೇಗಿನ ಸೂಕ್ಷ್ಮಾಣು ಕಂಡುಹಿಡಿದವರಲ್ಲಿ ಒಬ್ಬರಾದ ಕಿತಸಾತೊ ಶಿಬಸಬುರೊ.

ಎಂಆರ್‌ಐ ಯಂತ್ರದ ಮೊದಲ ಕಂಪನಿಗಳಲ್ಲೊಂದಾದ ಫೋನಾರ್‌ನ ಸಂಸ್ಥಾಪಕ ರೇಮಂಡ್ ಡಮಾಡಿಯನ್ ವೈದ್ಯರಾಗುವ ಮುಂಚೆ ನ್ಯೂಯಾರ್ಕಿನ ಜೂಲಿಯಾರ್ಡ್ ಸಂಗೀತ ಶಾಲೆಯಲ್ಲಿ ಪಿಟೀಲು ಕಲಿತಿದ್ದರು.

ಮೊದಲ ಸಿಟಿ ಸ್ಕ್ಯಾನರ್ ತಯಾರಿಸಿದ್ದು ಗ್ರಾಮಾಫೋನಿನ ಮುಂದೆ ನಾಯಿ ಕೂತ ಚಿತ್ರದ ಎಚ್‌ಎಂವಿ ತಟ್ಟೆಗಳ ಒಡೆಯ, ಬ್ರಿಟನ್ನಿನ ಇಎಂಐ ಕಂಪನಿ. 1971ರ ಅಕ್ಟೋಬರ್ 1ರಂದು ಮೊದಲ ರೋಗಿಯ ಮೆದುಳಿನ ಚಿತ್ರ ತೆಗೆದರು. ಬೀಟಲ್ಸ್ ಹಾಡುಗಳ ದುಡ್ಡಿನಿಂದಲೇ ಇದಾಯಿತು ಎಂಬ ಮಾತು ಜನಪ್ರಿಯ. ಆದರೆ ಈ ಕೆಲಸಕ್ಕೆ ಹೆಚ್ಚು ಹಣ ಸುರಿದದ್ದು ಬ್ರಿಟನ್ ಸರ್ಕಾರದ ಆರೋಗ್ಯ ಇಲಾಖೆ. ಹತ್ತು ವರ್ಷ ತುಂಬುವ ಮೊದಲೇ ಇಎಂಐ ಸ್ಕ್ಯಾನರ್ ವ್ಯಾಪಾರದಿಂದ ಹೊರಬಿತ್ತು. ರೂಪಿಸಿದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್‌ಗೆ 1979ರ ನೊಬೆಲ್ ಬಂತು.

ಬೋಸ್ಟನ್ ಸೈಂಟಿಫಿಕ್‌ನ ಇಬ್ಬರು ಸ್ಥಾಪಕರಲ್ಲಿ ಜಾನ್ ಅಬೆಲೆ ಓದಿದ್ದು ಭೌತಶಾಸ್ತ್ರ ಮತ್ತು ತತ್ತ್ವಶಾಸ್ತ್ರ. ಪೀಟ್ ನಿಕೋಲಸ್ ನೌಕಾಪಡೆ ಬಿಟ್ಟು ಔಷಧ ಕಂಪನಿಯಲ್ಲಿ ಪಳಗಿದವರು. 1979ರಲ್ಲಿ ಜೊತೆಯಾದಾಗ ಇಬ್ಬರೂ ನೆರೆಹೊರೆಯವರು.

ಮನೆಯ ಒಂದು ಕೋಣೆಯಲ್ಲಿ ಶುರುವಾದ ಕುಕ್ ಕಂಪನಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 1963ರಲ್ಲಿ ಅಮೆರಿಕದ ಇಂಡಿಯಾನ ರಾಜ್ಯದ ಬ್ಲೂಮಿಂಗ್ಟನ್‌ನಲ್ಲಿ ಬಿಲ್ ಕುಕ್ 1,500 ಡಾಲರ್ ಬಂಡವಾಳ, ಒಂದು ಬ್ಲೋಟಾರ್ಚ್, ಒಂದು ಬೆಸುಗೆ ಕಡ್ಡಿ ಇಟ್ಟುಕೊಂಡು ಪ್ಲಾಸ್ಟಿಕ್ ಕೊಳವೆಗಳನ್ನು ಕಾಯಿಸಿ ಎಳೆದು ರಕ್ತನಾಳದೊಳಗೆ ತೂರಿಸುವ ಕ್ಯಾತೆಟರ್ ಮಾಡುತ್ತಿದ್ದರು. ಅವನ್ನು ಒಂದೊಂದಾಗಿ ಪರೀಕ್ಷಿಸಿ ಪಾಸು ಮಾಡುತ್ತಿದ್ದವರು ಹೆಂಡತಿ ಗೇಲ್. ಆ ವರ್ಷ ಷಿಕಾಗೋದ ವಿಕಿರಣ ವೈದ್ಯರ ಸಮ್ಮೇಳನದಲ್ಲಿ ಮಳಿಗೆ ಹಾಕಿ ಬಿಲ್ ಅಲ್ಲೇ ಕೊಳವೆ ಎಳೆದು ತೋರಿಸುತ್ತಿದ್ದರು. ಬೋಳುತಲೆಯ ಒಬ್ಬರು ಬಹಳ ಹೊತ್ತು ಮಾತಿಲ್ಲದೆ ನಿಂತು ನೋಡಿ, ಕೊನೆಗೆ ಬ್ಲೋಟಾರ್ಚನ್ನೂ ಕೊಳವೆಗಳನ್ನೂ ಒಂದು ರಾತ್ರಿಗೆ ಸಾಲ ಕೇಳಿದರು. ಬೆಳಗಾಗುವುದರೊಳಗೆ ಹೋಟೆಲಿನ ಕೋಣೆಯಲ್ಲಿ ಕೂತು ಅಚ್ಚುಕಟ್ಟಾದ ಕ್ಯಾತೆಟರ್‌ಗಳನ್ನು ತಾವೇ ಮಾಡಿ ತಂದುಕೊಟ್ಟರು! ಅವರು ಚಾರ್ಲ್ಸ್ ಡಾಟರ್. ಮುಂದಿನ ವರ್ಷವೇ, 1964ರಲ್ಲಿ, ಶಸ್ತ್ರಚಿಕಿತ್ಸೆಯಿಲ್ಲದೆ ಕ್ಯಾತೆಟರ್‌ನಿಂದಲೇ ಕಾಲಿನ ರಕ್ತನಾಳ ಹಿಗ್ಗಿಸಿ ಹೊಸ ಚಿಕಿತ್ಸೆಗೆ ದಾರಿ ತೆರೆದವರು. ಕುಕ್ ಮತ್ತು ಡಾಟರ್ ಸ್ನೇಹ ಆ ಬ್ಲೋಟಾರ್ಚಿನಿಂದ ಶುರುವಾಯಿತು.

ಹೊಟ್ಟೆಯ ಮೇಲೆ ಅಂಟಿಸುವ ಚೀಲ, ಕರುಳಿನ ಶಸ್ತ್ರಚಿಕಿತ್ಸೆಯಾದವರಿಗೆ ಮರಳಿ ಹೊರಗೆ ಓಡಾಡುವ ಧೈರ್ಯ ಕೊಟ್ಟ ಚೀಲ, ಒಬ್ಬ ನರ್ಸ್ ಯೋಚನೆ. ಡೆನ್ಮಾರ್ಕಿನ ಎಲಿಸ ಸೊರೆನ್‌ಸನ್ 1954ರಲ್ಲಿ ತಮ್ಮ ತಂಗಿಯ ಸಂಕಟ ನೋಡಲಾರದೆ ಇದನ್ನು ರೂಪಿಸಿದರು. ಪ್ಲಾಸ್ಟಿಕ್ ಚೀಲ ಮಾಡುವ ಆಗೆ ಲೂಯಿ ಹ್ಯಾನ್ಸನ್ ಬಳಿ ಹೋದಾಗ ಅವರಿಗೆ ಉತ್ಸಾಹ ಬರಲಿಲ್ಲ. ಒಪ್ಪಿಸಿದವರು ಅವರ ಹೆಂಡತಿ. ಅವರೂ ನರ್ಸ್! 1957ರಲ್ಲಿ ಕೊಲೊಪ್ಲಾಸ್ಟ್ ಕಂಪನಿ ಹುಟ್ಟಿತು. ಇತಿಹಾಸದಲ್ಲಿ ಮೊದಲು ಬರುವುದು ಮಾಲೀಕರ ಹೆಸರು. ಆ ಇಬ್ಬರು ನರ್ಸ್‌ಗಳ ಹೆಸರನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಬರೆಯಬೇಕು.

ಕಿವುಡರಿಗೆ ಕೇಳಿಸುವಂತೆ ಮಾಡುವ ಕಾಕ್ಲಿಯರ್ ಇಂಪ್ಲಾಂಟ್‌ನ ಆಸ್ಟ್ರಿಯಾದ ಕಂಪನಿ ಮೆಡ್-ಎಲ್. ಅದರ ಮುಖ್ಯಸ್ಥೆ ಇಂಗೆಬೋರ್ಗ್ ಹೋಖ್‌ಮಾಯರ್ ವಿಯೆನ್ನಾದ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಡಾಕ್ಟರೇಟ್ ಪಡೆದ ಮೊದಲ ಮಹಿಳೆ. ಗಂಡ ಎರ್ವಿನ್ ಜೊತೆ ಸೇರಿ ರೂಪಿಸಿದ ಸಾಧನವನ್ನು 1977ರ ಡಿಸೆಂಬರ್‌ನಲ್ಲಿ ಮೊದಲ ಬಾರಿ ಅಳವಡಿಸಿದರು. ಇದೇ ಹಾದಿಯ ಇನ್ನೊಬ್ಬರು ಆಸ್ಟ್ರೇಲಿಯಾದ ಶಸ್ತ್ರವೈದ್ಯ ಗ್ರೇಮ್ ಕ್ಲಾರ್ಕ್. ಅವರ ತಂದೆ ಔಷಧ ಅಂಗಡಿ ಇಟ್ಟಿದ್ದವರು, ಕಿವಿ ಕೇಳುತ್ತಿರಲಿಲ್ಲ. ಗಿರಾಕಿಗಳು ಮುಜುಗರದ ಕಾಯಿಲೆಗಳನ್ನೂ ಗಟ್ಟಿಯಾಗಿ ಕೂಗಿ ಹೇಳಬೇಕಾಗುತ್ತಿದ್ದುದನ್ನು ನೋಡುತ್ತ ಬೆಳೆದ ಹುಡುಗ ಅವರು.

ಶಸ್ತ್ರಚಿಕಿತ್ಸೆಗೆ ಬಳಸುವ ಡಾ ವಿಂಚಿ ರೋಬಾಟ್‌ನ ಬೇರು ಯುದ್ಧಭೂಮಿಯಲ್ಲಿದೆ. ಗಾಯಗೊಂಡ ಸೈನಿಕನಿಗೆ ದೂರದಿಂದಲೇ ಶಸ್ತ್ರಚಿಕಿತ್ಸೆ ಮಾಡಲಾದೀತೇ ಎಂದು ಅಮೆರಿಕದ ಸೇನೆಯ ಹಣದಲ್ಲಿ ನಡೆದ ಸಂಶೋಧನೆಯನ್ನು, ಶಸ್ತ್ರವೈದ್ಯ ತರಬೇತಿ ಬಿಟ್ಟು ಬಂದಿದ್ದ ಫ್ರೆಡರಿಕ್ ಮೋಲ್ ಮತ್ತು ಸಂಗಡಿಗರು 1995ರಲ್ಲಿ ಇಂಟ್ಯುಟಿವ್ ಸರ್ಜಿಕಲ್ ಕಂಪನಿಯಾಗಿಸಿದರು. ಮುಂದೆ ಹಲವು ವರ್ಷ ಅದರ ಮುಖ್ಯಸ್ಥರಾದ ಗ್ಯಾರಿ ಗುಟ್‌ಹಾರ್ಟ್ ಆ ಸಂಶೋಧನೆ ನಡೆದ ಪ್ರಯೋಗಾಲಯದಿಂದಲೇ ಬಂದ ಎಂಜಿನಿಯರ್.

ಇಷ್ಟೆಲ್ಲ ಕಸುಬುಗಳ ನಡುವೆ ಒಂದು ಸಮಾನ ಎಳೆ ನನಗೆ ಕಾಣುತ್ತದೆ. ಬಾಕನ್‌ಗೆ ಲಿಲಹೈ ಇದ್ದರು, ಎಡ್ವರ್ಡ್ಸ್‌ಗೆ ಸ್ಟಾರ್, ಕುಕ್‌ಗೆ ಡಾಟರ್, ಹ್ಯಾನ್ಸನ್‌ಗೆ ನರ್ಸ್ ಹೆಂಡತಿ. ರೋಗಿಯನ್ನು ಮುಟ್ಟಿ ಬಲ್ಲ ಒಬ್ಬರು ಪಕ್ಕದಲ್ಲಿದ್ದು, ಇದು ಬೇಕು, ಇದು ಸಾಲದು ಎಂದು ಹೇಳುತ್ತಿದ್ದರು. ಹೇಳುವವರೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಾಲದ್ದೇ ಉದಾಹರಣೆ ಇದೆ.

ಥೆರಾನೋಸ್. 19 ವರ್ಷದ ಎಲಿಜಬೆತ್ ಹೋಮ್ಸ್ 2003ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೆಮಿಕಲ್ ಎಂಜಿನಿಯರಿಂಗ್ ಓದನ್ನು ಬಿಟ್ಟು ಕಟ್ಟಿದ ಕಂಪನಿ. ಬೆರಳ ತುದಿಯ ಕೆಲವು ಹನಿ ರಕ್ತದಲ್ಲೇ ನೂರಾರು ಪರೀಕ್ಷೆ ಮಾಡಿಕೊಡುತ್ತೇವೆ ಎಂಬುದು ಅದರ ಮಾತು. 2014ರ ಹೊತ್ತಿಗೆ ಹೂಡಿಕೆದಾರರು ಅದಕ್ಕೆ ಕಟ್ಟಿದ ಬೆಲೆ 900 ಕೋಟಿ ಡಾಲರ್. ಅದರ ನಿರ್ದೇಶಕ ಮಂಡಳಿಯಲ್ಲಿ ಕೂತಿದ್ದವರನ್ನು ನೋಡಿ: ಅಮೆರಿಕದ ಮಾಜಿ ವಿದೇಶಾಂಗ ಸಚಿವರಾದ ಹೆನ್ರಿ ಕಿಸಿಂಜರ್ ಮತ್ತು ಜಾರ್ಜ್ ಷುಲ್ಟ್ಸ್, ಮಾಜಿ ರಕ್ಷಣಾ ಸಚಿವ ವಿಲಿಯಂ ಪೆರಿ, ಮಾಜಿ ಸೆನೆಟರ್ ಸ್ಯಾಮ್ ನನ್, ಸೇನೆಯಿಂದ ಜನರಲ್ ಜೇಮ್ಸ್ ಮ್ಯಾಟಿಸ್, ನೌಕಾಪಡೆಯಿಂದ ಅಡ್ಮಿರಲ್ ಗ್ಯಾರಿ ರಫ್‌ಹೆಡ್, ಬ್ಯಾಂಕಿನಿಂದ ರಿಚರ್ಡ್ ಕೊವಸೆವಿಚ್. ವೈದ್ಯರಿರಲಿಲ್ಲವೆಂದಲ್ಲ. ಹೃದಯ ಕಸಿ ಶಸ್ತ್ರವೈದ್ಯ, ಮಾಜಿ ಸೆನೆಟರ್ ಬಿಲ್ ಫ್ರಿಸ್ಟ್ ಇದ್ದರು. ಸಿಡುಬು ನಿರ್ಮೂಲನೆಯ ಹೋರಾಟದಲ್ಲಿ ಭಾರತದಲ್ಲೂ ದುಡಿದ ವಿಲಿಯಂ ಫೋಗಿ ಇದ್ದರು. ಆದರೆ ರಕ್ತಪರೀಕ್ಷೆಯ ಲ್ಯಾಬು ನಡೆಸಿ ಬಲ್ಲವರು ಯಾರು? ಹೆಸರುಗಳ ತೂಕ ನೋಡಿದರೆ ಅದು ಯುದ್ಧ-ಶಾಂತಿ ನಿರ್ಧರಿಸುವ ಸಭೆ. ಒಂದು ಹನಿ ರಕ್ತದಲ್ಲಿ ಪೊಟ್ಯಾಸಿಯಂ ಸರಿಯಾಗಿ ಅಳೆಯಲು ಬರುತ್ತದೆಯೇ ಎಂದು ಕೇಳುವ ಸಭೆಯಲ್ಲ.

ಕೇಳಿದ್ದರೂ ಪ್ರಯೋಜನವಿತ್ತೇ? ಹೋಮ್ಸ್ ಅವರ ಪ್ರತಿ ಷೇರಿಗೆ 100 ಮತ. ಮತಾಧಿಕಾರದ ಶೇ. 99ಕ್ಕೂ ಹೆಚ್ಚು ಅವರ ಕೈಯಲ್ಲೇ. ಉಳಿದ ನಿರ್ದೇಶಕರೆಲ್ಲ ಒಟ್ಟಾಗಿ ಕೈಯೆತ್ತಿದರೂ ಅವರನ್ನು ಅಲುಗಾಡಿಸುವಂತಿರಲಿಲ್ಲ. ಸ್ವಂತ ಯಂತ್ರ ಕೆಲವೇ ಪರೀಕ್ಷೆಗಳನ್ನು ಮಾಡುತ್ತಿತ್ತು. ಬಹುಪಾಲು ಪರೀಕ್ಷೆಗಳು ಬೇರೆ ಕಂಪನಿಯ ಮಾಮೂಲಿ ಯಂತ್ರಗಳಲ್ಲಿ, ಅವುಗಳಲ್ಲಿ ಕೆಲವು ಬೆರಳಿನ ರಕ್ತವನ್ನು ತೆಳುಗೊಳಿಸಿ, ನಡೆಯುತ್ತಿದ್ದವು. ಇದನ್ನು ಒಳಗಿನಿಂದ ಕಂಡು ಹೊರಗೆ ಹೇಳಿದವರಲ್ಲಿ ಒಬ್ಬ ಟೈಲರ್ ಷುಲ್ಟ್ಸ್, ನಿರ್ದೇಶಕ ಜಾರ್ಜ್ ಷುಲ್ಟ್ಸ್ ಅವರ ಮೊಮ್ಮಗ. ಅಜ್ಜ ಮೊಮ್ಮಗನನ್ನು ನಂಬಲಿಲ್ಲ, ಕಂಪನಿಯನ್ನು ನಂಬಿದರು. ಇನ್ನೊಬ್ಬಾಕೆ ಎರಿಕಾ ಚಂಗ್. ಇಬ್ಬರೂ ಆಗತಾನೇ ಕಾಲೇಜು ಮುಗಿಸಿ ಲ್ಯಾಬಿಗೆ ಸೇರಿದವರು. 2015ರ ಅಕ್ಟೋಬರ್‌ನಲ್ಲಿ ಪತ್ರಕರ್ತ ಜಾನ್ ಕ್ಯಾರಿರೂ ವರದಿ ಹೊರಬಿತ್ತು. 2018ರಲ್ಲಿ ಕಂಪನಿ ಮುಚ್ಚಿತು. 2022ರ ನವೆಂಬರ್‌ನಲ್ಲಿ ಹೋಮ್ಸ್‌ಗೆ 11 ವರ್ಷ 3 ತಿಂಗಳ ಸೆರೆವಾಸ ವಿಧಿಸಲಾಯಿತು. ದೊಡ್ಡ ಹುದ್ದೆ ಕಂಡವರ ಸಾಲಿಗಿಂತ ಲ್ಯಾಬಿನಲ್ಲಿ ನಿಂತ ಇಬ್ಬರು ಎಳೆಯರ ಕಣ್ಣು ಚುರುಕಾಗಿತ್ತು.

ಇದಕ್ಕೆ ವಿರುದ್ಧ ದಿಕ್ಕಿನ ಸಂಗತಿಯೂ ಉಂಟು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್‌ನ್ನು ರೋಗಿ ಅಲುಗಾಡಿದರೂ ಸರಿಯಾಗಿ ಓದುವಂತೆ ಮಾಡಿದ ಮಾಸಿಮೊ ಕಂಪನಿಯ ಸ್ಥಾಪಕ ಜೋ ಕಿಯಾನಿ, ಬಾಲ್ಯದಲ್ಲೇ ಇರಾನಿನಿಂದ ಅಮೆರಿಕಕ್ಕೆ ಬಂದ ಎಂಜಿನಿಯರ್. 35 ವರ್ಷ ನಡೆಸಿದ ಕಂಪನಿಯ ಮಂಡಳಿಯಿಂದ 2024ರ ಸೆಪ್ಟೆಂಬರ್‌ನಲ್ಲಿ ಷೇರುದಾರರು ಮತ ಹಾಕಿ ಅವರನ್ನು ಇಳಿಸಿದರು. ಸ್ಥಾಪಕರಾದರೂ ಮತದ ಲೆಕ್ಕ ತಪ್ಪಿದ್ದಲ್ಲ.

ನಮ್ಮಲ್ಲಿ ಕಾನೂನು ಏನು ಹೇಳುತ್ತದೆ? 2013ರ ಕಂಪನಿ ಕಾಯ್ದೆಯ ಪ್ರಕಾರ ಷೇರುಪೇಟೆಯಲ್ಲಿರುವ ಕಂಪನಿಯ ಮಂಡಳಿಯಲ್ಲಿ ಕನಿಷ್ಠ ಮೂರನೇ ಒಂದು ಭಾಗ ಸ್ವತಂತ್ರ ನಿರ್ದೇಶಕರಿರಬೇಕು, ಒಬ್ಬ ಮಹಿಳೆಯಾದರೂ ಇರಬೇಕು. ಒಬ್ಬ ವ್ಯಕ್ತಿ 20ಕ್ಕಿಂತ ಹೆಚ್ಚು ಕಂಪನಿಗಳಲ್ಲಿ ನಿರ್ದೇಶಕನಾಗುವಂತಿಲ್ಲ. ಲೆಕ್ಕಪರಿಶೋಧನಾ ಸಮಿತಿಯಲ್ಲಿ ಹೆಚ್ಚಿನವರಿಗೆ ಹಣಕಾಸಿನ ಪಟ್ಟಿ ಓದಿ ತಿಳಿಯುವ ಶಕ್ತಿ ಇರಲೇಬೇಕು. ಆದರೆ ಹೃದಯದೊಳಗೆ ಇಡುವ ಸಾಧನ ತಯಾರಿಸುವ ಕಂಪನಿಯಾದರೂ ಮಂಡಳಿಯಲ್ಲಿ ಒಬ್ಬ ವೈದ್ಯರೋ ನರ್ಸೋ ಇರಬೇಕೆಂದು ಈ ಕಾಯ್ದೆ ಹೇಳುವುದಿಲ್ಲ. ಹಣದ ಲೆಕ್ಕಕ್ಕೆ ಕೊಟ್ಟ ಕಾಳಜಿ ಇದಕ್ಕೂ ಬೇಕಿತ್ತು. ಷೇರುಪೇಟೆಯಲ್ಲಿರುವ ಯಾವುದೇ ಕಂಪನಿಯ ವಾರ್ಷಿಕ ವರದಿಯಲ್ಲಿ ನಿರ್ದೇಶಕರ ಓದು, ವೃತ್ತಿ, ಪರಿಣತಿಯ ವಿವರ ಇರುತ್ತದೆ. ಷೇರು ಕೊಳ್ಳುವ ಮುನ್ನ ಲಾಭದ ಪುಟದ ಜೊತೆಗೆ ಆ ಪುಟವನ್ನೂ ಓದಿ.

ಇನ್ನು ನಮ್ಮ ದೇಶದ ಕಂಪನಿಗಳ ಮೂಲ ಕಸುಬು ನೋಡೋಣ. ವನಸ್ಪತಿಯಿಂದ ಸ್ಕ್ಯಾನರ್‌ಗೆ: ಮಹಾರಾಷ್ಟ್ರದ ಅಮಳ್ನೇರಿನಲ್ಲಿ 1945ರಲ್ಲಿ ಅಡುಗೆ ಎಣ್ಣೆಯ ಕಂಪನಿಯಾಗಿ ಶುರುವಾದ ವಿಪ್ರೊವನ್ನು ಅಜೀಂ ಪ್ರೇಮ್‌ಜಿ 21ನೇ ವಯಸ್ಸಿನಲ್ಲಿ, ತಂದೆ ತೀರಿಕೊಂಡಾಗ, ಸ್ಟ್ಯಾನ್‌ಫರ್ಡ್ ಓದು ಅರ್ಧಕ್ಕೆ ಬಿಟ್ಟು ಬಂದು ವಹಿಸಿಕೊಂಡರು. 1990ರಲ್ಲಿ ಅಮೆರಿಕದ ಜಿಇ ಜೊತೆ ಸೇರಿ ಬೆಂಗಳೂರಿನಲ್ಲಿ ವಿಪ್ರೊ-ಜಿಇ ವೈದ್ಯಕೀಯ ಯಂತ್ರಗಳ ಕಂಪನಿ ಶುರುವಾಯಿತು. ಬೆಂಗಳೂರಿನ ಎಂಜಿನಿಯರುಗಳು ರೂಪಿಸಿದ, ಬ್ಯಾಟರಿಯಲ್ಲಿ ನಡೆಯುವ ಅಗ್ಗದ ಇಸಿಜಿ ಯಂತ್ರದ ಮುದ್ರಣ ಭಾಗಕ್ಕೆ ಬಸ್ ಟಿಕೆಟ್ ಮುದ್ರಿಸುವ ಯಂತ್ರವೇ ಮಾದರಿ.

ಟಿವಿಯಿಂದ ಮನೆಮಾತಾದ ಬೆಂಗಳೂರಿನ ಬಿಪಿಎಲ್ 1963ರಲ್ಲಿ ಪಾಲಕ್ಕಾಡಿನಲ್ಲಿ ಟಿ. ಪಿ. ಜಿ. ನಂಬಿಯಾರ್ ಕಟ್ಟಿದ್ದು. ಮೊದಲ ಸರಕು ಟಿವಿಯಲ್ಲ, ರಕ್ಷಣಾ ಪಡೆಗೆ ಬೇಕಾದ ಅಳತೆಯ ಮೀಟರುಗಳು. ಇಸಿಜಿ ಯಂತ್ರ ಬಂದದ್ದು ಅದರ ಬೆನ್ನಿಗೆ.

ಸೂರತ್‌ನ ಸಹಜಾನಂದ್ ಸಮೂಹದ ಧೀರಜ್‌ಲಾಲ್ ಕೊಟಾಡಿಯಾ ವಜ್ರ ಕತ್ತರಿಸುವ ಲೇಸರ್ ಯಂತ್ರಗಳ ಕಸುಬಿನಿಂದ ಹೃದಯದ ಸ್ಟೆಂಟ್‌ಗೆ ಬಂದವರು. ಸ್ಟೆಂಟ್ ಎಂದರೆ ಕೂದಲೆಳೆಯ ಸೂಕ್ಷ್ಮದಲ್ಲಿ ಲೇಸರ್‌ನಿಂದ ಜಾಲರಿ ಕೊರೆದ ಲೋಹದ ಕೊಳವೆ. ಅದೇ ಕೈ, ಬೇರೆ ಕೆಲಸ. ಗುಜರಾತಿನದೇ ಆದ ವಾಪಿಯ ಮೆರಿಲ್ ಹಿಂದಿರುವ ಬಿಲಾಖಿಯಾ ಮನೆತನದ ಹಳೆಯ ವ್ಯಾಪಾರ ಮುದ್ರಣದ ಶಾಯಿ.

ಮೈಸೂರಿನ ಸ್ಕ್ಯಾನ್‌ರೇ ಕಟ್ಟಿದ ವಿಶ್ವಪ್ರಸಾದ್ ಆಳ್ವ ಎಂಜಿನಿಯರ್. ಎಕ್ಸ್‌ರೇ ಯಂತ್ರಗಳ ಈ ಕಂಪನಿಯ ವೆಂಟಿಲೇಟರ್ ವಿನ್ಯಾಸದ ಮೇಲೆ 2020ರಲ್ಲಿ ಬೆಂಗಳೂರಿನ ಬಿಇಎಲ್ 30,000 ಯಂತ್ರಗಳನ್ನು ತಯಾರಿಸಿತು. ರೇಡಾರ್ ಮಾಡುವ ಕೈಗಳು ಆ ಬೇಸಿಗೆಯಲ್ಲಿ ಉಸಿರಿನ ಯಂತ್ರ ಜೋಡಿಸಿದವು.

ಬೆಂಗಳೂರಿನ ನಿರಾಮಯಿ ಸ್ಥಾಪಕಿ ಗೀತಾ ಮಂಜುನಾಥ್ ಕಂಪ್ಯೂಟರ್ ವಿಜ್ಞಾನಿ. ಭಾರತೀಯ ವಿಜ್ಞಾನ ಸಂಸ್ಥೆಯ ಡಾಕ್ಟರೇಟ್. ಸಿ-ಡ್ಯಾಕ್, ಎಚ್‌ಪಿ, ಜೆರಾಕ್ಸ್ ಪ್ರಯೋಗಾಲಯಗಳ ಅನುಭವ. ಹತ್ತಿರದ ಬಂಧುಗಳಿಗೆ ಸ್ತನ ಕ್ಯಾನ್ಸರ್ ಬಂದ ನೋವು ಅವರನ್ನು ಈ ಕಡೆ ತಿರುಗಿಸಿತು. ಮೈಮುಟ್ಟದೆ, ಶಾಖದ ಚಿತ್ರ ತೆಗೆದು ಗಣಕದಿಂದ ಓದಿಸುವುದು ಅವರ ವಿಧಾನ. ಅದೇ ಊರಿನ ಟ್ರೈಕಾಗ್‌ನ ಚರಿತ್ ಭೋಗರಾಜ್ ಹೃದ್ರೋಗ ತಜ್ಞರು. ದೂರದೂರಿನ ಸಣ್ಣ ಕ್ಲಿನಿಕ್ಕಿನ ಇಸಿಜಿಯನ್ನು ತಜ್ಞರು ಕೆಲವೇ ನಿಮಿಷಗಳಲ್ಲಿ ಓದಿ ಹೇಳುವ ವ್ಯವಸ್ಥೆ ಅವರದು. ಫೋರಸ್ ಹೆಲ್ತ್‌ನ ಕೆ. ಚಂದ್ರಶೇಖರ್ ಮತ್ತು ಶ್ಯಾಮ್ ವಾಸುದೇವ್ ಫಿಲಿಪ್ಸ್ ಹಿನ್ನೆಲೆಯವರು. ಕಣ್ಣಿನ ಪರದೆ ಪರೀಕ್ಷಿಸುವ ಪುಟ್ಟ ಯಂತ್ರ ಕಟ್ಟಿದರು.

ಕೊನೆಯದಾಗಿ ಕುಕ್ಕರ್ ಮತ್ತು ಕವಾಟ. ಸಂಧಿವಾತ ಜ್ವರದಿಂದ ಹೃದಯದ ಕವಾಟ ಕೆಡಿಸಿಕೊಂಡ ಹರೆಯದವರು ನಮ್ಮಲ್ಲಿ ಬಹಳ. ಹೊರದೇಶದ ಕವಾಟ ಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ನಿರ್ದೇಶಕ, ಹೃದಯ ಶಸ್ತ್ರವೈದ್ಯ ಎಂ. ಎಸ್. ವಲಿಯತ್ತಾನ್, ಎಂಜಿನಿಯರ್ ಜಿ. ಎಸ್. ಭುವನೇಶ್ವರ್ ಮತ್ತು ತಂಡ ದೇಶೀ ಕವಾಟಕ್ಕೆ ಕೈಹಾಕಿದರು. ನಿಮಿಷಕ್ಕೆ 72 ಬಡಿತವೆಂದರೂ ವರ್ಷಕ್ಕೆ ಸುಮಾರು 3.8 ಕೋಟಿ ಸಲ ತೆರೆದು ಮುಚ್ಚಬೇಕು, ಹತ್ತಾರು ವರ್ಷ ಸವೆಯಬಾರದು, ರಕ್ತ ಹೆಪ್ಪುಗಟ್ಟಿಸಬಾರದು. ಮೊದಲ ಮೂರು ಮಾದರಿಗಳು ಕೈಕೊಟ್ಟವು. ಒಂದರಲ್ಲಿ ಕೃತಕ ನೀಲಮಣಿಯ ತಟ್ಟೆಯನ್ನೂ ಇಟ್ಟು ನೋಡಿದ್ದರು. ನಾಲ್ಕನೆಯದಕ್ಕೆ ಗಟ್ಟಿ ಜಾತಿಯ ಪಾಲಿಎಥಿಲೀನ್ ತಟ್ಟೆ. ಅದು ನಿಂತಿತು. 1990ರ ಡಿಸೆಂಬರ್ 6ರಂದು ಮೊದಲ ರೋಗಿಗೆ ಅಳವಡಿಸಿದರು.

ತಯಾರಿಸುವ ಹೊಣೆ ಹೊತ್ತದ್ದು ಪ್ರೆಸ್ಟೀಜ್ ಕುಕ್ಕರಿನ ಟಿಟಿಕೆ ಸಮೂಹ. ಆ ಮನೆತನದ ಟಿ. ಟಿ. ಜಗನ್ನಾಥನ್ ಮದ್ರಾಸ್ ಐಐಟಿಯ ಚಿನ್ನದ ಪದಕದ ಎಂಜಿನಿಯರ್, ಬೆಂಗಳೂರಿನಲ್ಲಿ ನೆಲೆಸಿದ್ದವರು. ವಲಿಯತ್ತಾನ್ ಮುಂದೆ ಮಣಿಪಾಲಕ್ಕೆ ಬಂದು ಅಲ್ಲಿನ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು, ಚರಕ, ಸುಶ್ರುತ, ವಾಗ್ಭಟರ ಕುರಿತು ಗ್ರಂಥಗಳನ್ನು ಬರೆದರು, 2024ರ ಜುಲೈನಲ್ಲಿ ಮಣಿಪಾಲದಲ್ಲೇ ತೀರಿಕೊಂಡರು. ಅವರ ಟಿಟಿಕೆ ಚಿತ್ರಾ ಕವಾಟ ಈವರೆಗೆ ಒಂದು ಲಕ್ಷಕ್ಕೂ ಹೆಚ್ಚು ಜನರ ಹೃದಯ ಸೇರಿದೆ.